ಗಾದೆಯಿಂದ ಗೋಡೆಬರಹದವರೆಗೆ: ತುಮಕೂರು ಸೀಮೆಯ ಶಾಲಾ ಪರಿಸರದಲ್ಲಿ ಜಾನಪದ ಮತ್ತು ಲಿಂಗತ್ವದ ಪಡಿಯಚ್ಚುಗಳು

ಹೆಣ್ಣುಮಗು ಹೀಗಿರಬೇಕು, ಗಂಡುಮಗು ಹೀಗಿರಬೇಕು ಎಂಬ ಪೂರ್ವನಿಶ್ಚಿತ ಕಲ್ಪನೆಗಳನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಎರಡು ದಿಕ್ಕುಗಳಲ್ಲಿ ನಡೆದಿದೆ. ಶಿಕ್ಷಣಶಾಸ್ತ್ರದ ಅಧ್ಯಯನಗಳು ಪಠ್ಯಪುಸ್ತಕದ ಚಿತ್ರಗಳನ್ನು, ಪಾಠಗಳಲ್ಲಿ ಬರುವ ಹೆಸರುಗಳನ್ನು, ತಂದೆ ಪತ್ರಿಕೆ ಓದುತ್ತ ತಾಯಿ ಒಲೆಯ ಮುಂದೆ ಕುಳಿತಿರುವ ಪರಿಚಿತ ದೃಶ್ಯವನ್ನು ಪರಿಶೀಲಿಸುತ್ತವೆ. ಸಮಾಜಶಾಸ್ತ್ರದ ಅಧ್ಯಯನಗಳು ಮನೆಗೆಲಸದ ಹಂಚಿಕೆ, ಶಾಲೆ ಬಿಡುವ ಹೆಣ್ಣುಮಕ್ಕಳ ಪ್ರಮಾಣ, ವಿವಾಹದ ವಯಸ್ಸು ಮುಂತಾದವನ್ನು ಲೆಕ್ಕ ಹಾಕುತ್ತವೆ. ಈ ಎರಡರ ನಡುವೆ ಒಂದು ಕ್ಷೇತ್ರ ಬಹುಕಾಲ ಪರಿಶೀಲನೆಗೆ ಒಳಗಾಗದೆ ಉಳಿದಿದೆ. ತಂದೆತಾಯಂದಿರು ತಮ್ಮ ನಡವಳಿಕೆಗೆ ಸಮರ್ಥನೆಯಾಗಿ ಮುಂದಿಡುವ ‘ಹಿಂದಿನಿಂದ ಬಂದದ್ದು’ ಎಂಬ ಮಾತಿನ ಕ್ಷೇತ್ರವದು. ಹಿಂದಿನಿಂದ ಬಂದದ್ದು ಯಾವುದು, ಯಾರ ಬಾಯಿಂದ ಬಂದದ್ದು, ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂದು ಕೇಳಬೇಕಾದವರು ಜಾನಪದ ವಿದ್ವಾಂಸರು. ಆದರೆ ಈ ಪ್ರಶ್ನೆಯನ್ನು ಎತ್ತುವುದರಲ್ಲಿ ಅವರಿಗೂ ಒಂದು ಮುಜುಗರವಿದೆ. ಶಾಲೆಗೆ ಜಾನಪದವನ್ನು ಒದಗಿಸಿದವರು ಅವರೇ.

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ಲುಗಳನ್ನು ಒಳಗೊಂಡ ಪ್ರದೇಶ ಈ ಪ್ರಶ್ನೆಯ ಪರಿಶೀಲನೆಗೆ ಹೇಳಿಮಾಡಿಸಿದಂತಿದೆ. ಕುಣಿಗಲ್ಲಿನ ಕೆರೆ ನಾಡಿನ ಪ್ರಸಿದ್ಧ ಜನಪದ ಗೀತೆಯೊಂದರ ವಸ್ತು. ಗುಬ್ಬಿ ಕನ್ನಡ ವೃತ್ತಿರಂಗಭೂಮಿಗೆ ತನ್ನ ಹೆಸರನ್ನೇ ಕೊಟ್ಟ ಊರು. ಜಿಲ್ಲೆಯ ಉದ್ದಕ್ಕೂ ಹರಡಿರುವ ಗೊಲ್ಲರಹಟ್ಟಿಗಳು ಮಹಾಕಾವ್ಯ ಪರಂಪರೆಯೊಂದನ್ನು ಇಂದಿಗೂ ಕಾಪಾಡಿಕೊಂಡಿವೆ. ಶಾಲೆ, ಕಾಲೇಜು, ವಿಶ್ವವಿದ್ಯಾನಿಲಯಗಳಿಂದ ತುಂಬಿರುವ ತುಮಕೂರು ನಗರ ಈ ಎಲ್ಲ ಊರುಗಳ ತಂದೆತಾಯಂದಿರು ತಮ್ಮ ಮಕ್ಕಳ ಭವಿಷ್ಯವನ್ನು ಕಲ್ಪಿಸಿಕೊಳ್ಳುವ ಜಾಗ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇಕಡ 75ರಷ್ಟಿದ್ದು, ಪುರುಷರಲ್ಲಿ ಅದು ಸುಮಾರು 83, ಮಹಿಳೆಯರಲ್ಲಿ ಸುಮಾರು 67. ಈ ಹದಿನಾರರ ಅಂತರದೊಳಗೆ ಅಜ್ಜಿಯರಿದ್ದಾರೆ, ಅನೇಕ ತಾಯಂದಿರೂ ಇದ್ದಾರೆ. ಮೌಖಿಕ ಪರಂಪರೆಯ ಬಹುಪಾಲನ್ನು ಹೊತ್ತವರು ಅವರೇ ಎಂಬುದನ್ನು ಮರೆತರೆ ಮುಂದಿನ ವಿಚಾರ ಅರ್ಥವಾಗುವುದಿಲ್ಲ.

ಮೊದಲಿಗೆ ಗಾದೆಯನ್ನು ತೆಗೆದುಕೊಳ್ಳಬಹುದು. ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಗಾದೆಯ ವಿಸ್ತರಣೆಗೆ ಖಾಯಂ ಸ್ಥಾನವಿದೆ. ಅದಕ್ಕೆ ಬರೆಯುವ ಉತ್ತರಕ್ಕೂ ಒಂದು ಖಾಯಂ ಆರಂಭವಿದೆ. ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಒಕ್ಕಣೆಯಿಲ್ಲದೆ ಉತ್ತರ ಮೊದಲಾಗುವುದು ಅಪರೂಪ. ಮಾರ್ಗದರ್ಶಿಗಳು ಅದನ್ನು ಅಚ್ಚು ಹಾಕಿಕೊಟ್ಟಿವೆ, ಶಿಕ್ಷಕರು ಬಾಯಿಪಾಠ ಮಾಡಿಸಿದ್ದಾರೆ. ಈ ಒಂದು ವಾಕ್ಯ ಗಾದೆಯ ಸ್ವರೂಪವನ್ನೇ ಬದಲಾಯಿಸಿಬಿಡುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಬಳಕೆಯಲ್ಲಿರುವ ಗಾದೆ ಎಂದೂ ಒಂಟಿಯಾಗಿ ಬರುವುದಿಲ್ಲ. ಜಗಳದ ನಡುವೆ, ನ್ಯಾಯಪಂಚಾಯಿತಿಯ ಕಟ್ಟೆಯ ಮೇಲೆ, ಹೆಣ್ಣು ನೋಡುವ ಪಡಸಾಲೆಯಲ್ಲಿ, ಬಾವಿಕಟ್ಟೆಯ ಹರಟೆಯಲ್ಲಿ ಒಬ್ಬರು ಒಂದು ಗಾದೆ ಎಸೆದರೆ ಇನ್ನೊಬ್ಬರು ಅದಕ್ಕೆ ಎದುರುಗಾದೆ ಒಡ್ಡುತ್ತಾರೆ. ಗಾದೆ ಸತ್ಯವಾಕ್ಯವಲ್ಲ, ಅದು ವಾದದ ಆಯುಧ. ‘ತಾಯಿಯಂತೆ ಮಗಳು ನೂಲಿನಂತೆ ಸೀರೆ’ ಎಂಬ ಮಾತು ಸಂಬಂಧ ಬೆಳೆಸುವವರ ಬಾಯಲ್ಲಿ ಮೆಚ್ಚುಗೆಯಾಗುತ್ತದೆ. ಬೀಗಿತ್ತಿಯರ ಜಗಳದಲ್ಲಿ ಅದೇ ಮಾತು ತಾಯಿ ಮಗಳಿಬ್ಬರನ್ನೂ ಒಟ್ಟಿಗೆ ಚುಚ್ಚುವ ಮೊಳೆಯಾಗುತ್ತದೆ. ಆಡುವವರ ದನಿ, ಕೇಳುವವರ ಮುಖ ಎರಡೂ ಇಲ್ಲದ ಉತ್ತರಪತ್ರಿಕೆಯಲ್ಲಿ ಅದು ಅನುವಂಶೀಯತೆಯ ನಿಯಮವಾಗಿ ಉಳಿಯುತ್ತದೆ. ಹದಿನೈದು ವರ್ಷದ ಹುಡುಗಿ ತನ್ನ ತಾಯಿಗಿಂತ ಬೇರೆಯಾಗಲಾರಳೆಂದು ತಾನೇ ಪುಟಗಟ್ಟಲೆ ಸಮರ್ಥಿಸಿ ಅಂಕ ಪಡೆಯುತ್ತಾಳೆ.

ಆಯ್ಕೆಯ ಪ್ರಶ್ನೆಯೂ ಇಲ್ಲಿದೆ. ಶಾಲೆಯ ಬಳಕೆಗೆ ಬಂದ ಗಾದೆಗಳಲ್ಲಿ ಬಲ್ಲವನು, ತಾಳಿದವನು, ದುಡಿಯುವವನು ಸಾಮಾನ್ಯವಾಗಿ ಪುಲ್ಲಿಂಗದಲ್ಲಿ ಬರುತ್ತಾನೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’, ‘ತಾಳಿದವನು ಬಾಳಿಯಾನು’ ಇತ್ಯಾದಿ. ಕೈಲಾಗದೆ ನೆಪ ಹೇಳುವ ಪ್ರಸಂಗ ಬಂದಾಗ ಮಾತ್ರ ವ್ಯಾಕರಣ ಸ್ತ್ರೀಲಿಂಗಕ್ಕೆ ತಿರುಗುತ್ತದೆ: ‘ಕುಣಿಯಲಾರದವಳು ನೆಲ ಡೊಂಕು ಎಂದಳು’. ಇದು ಜನಪದದ ಒಟ್ಟು ಸ್ವಭಾವವೆಂದು ಭಾವಿಸುವುದು ತಪ್ಪಾಗುತ್ತದೆ. ಗಂಡಸಿನ ಜಂಬ, ಸೋಮಾರಿತನ, ಪೆದ್ದುತನಗಳನ್ನು ಲೇವಡಿ ಮಾಡುವ ಗಾದೆಗಳು ಹಳ್ಳಿಯ ಬಾಯಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹುಪಾಲು ದೇಹದ ಅಂಗಗಳನ್ನು ಹೆಸರಿಸುವಂಥವು, ತರಗತಿಯಲ್ಲಿ ಉಚ್ಚರಿಸಲಾಗದಂಥವು. ಸಭ್ಯತೆಯ ಜರಡಿಯಲ್ಲಿ ಗಂಡಸನ್ನು ಅಣಕಿಸುವ ಗಾದೆ ಹೊಟ್ಟಾಗಿ ಹಾರಿಹೋಗುತ್ತದೆ. ಹೆಂಗಸನ್ನು ಹಳಿಯುವ ಗಾದೆ ಕಾಳಾಗಿ ಉಳಿಯುತ್ತದೆ. ಜರಡಿ ಹಿಡಿದವರಿಗೆ ಈ ಉದ್ದೇಶವಿತ್ತೆಂದು ಹೇಳಲು ಆಧಾರವಿಲ್ಲ. ಫಲಿತಾಂಶ ಮಾತ್ರ ಹೀಗಾಗಿದೆ.

ಮಕ್ಕಳ ಮೇಲೆ ನೇರವಾಗಿ ಕೆಲಸ ಮಾಡುವ ಇನ್ನೊಂದು ಗಾದೆ ‘ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು’. ಈ ಮಾತು ಎರಡೂ ಲಿಂಗಗಳಿಂದ ಒಂದೊಂದು ಭಾವವನ್ನು ಕಿತ್ತುಕೊಳ್ಳುತ್ತದೆ. ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ ‘ಹೆಣ್ಣುಮಕ್ಕಳ ಥರ ಅಳಬೇಡ’ ಎಂದು ಹೇಳುವ ಶಿಕ್ಷಕರೂ, ಬಸ್‌ ನಿಲ್ದಾಣದಲ್ಲಿ ಗೆಳತಿಯರೊಡನೆ ಗಟ್ಟಿಯಾಗಿ ನಕ್ಕ ಮಗಳನ್ನು ಮನೆಯಲ್ಲಿ ಗದರಿಸುವ ತಾಯಿಯೂ ಈ ಗಾದೆಯನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲ. ಅದು ನಡೆಯೊಳಗೆ ಇಳಿದುಹೋಗಿದೆ. ಲಿಂಗತ್ವದ ಪಡಿಯಚ್ಚುಗಳ ಚರ್ಚೆಯಲ್ಲಿ ಹೆಣ್ಣುಮಕ್ಕಳ ನಷ್ಟವನ್ನಷ್ಟೇ ಎಣಿಸುವ ವಾಡಿಕೆಯಿದ್ದು, ಗಂಡುಮಕ್ಕಳ ಪಾಲಿನ ಈ ನಷ್ಟ ಲೆಕ್ಕಕ್ಕೆ ಬರುವುದು ಕಡಿಮೆ.

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯ ಕಥೆ ಇನ್ನೂ ಸ್ವಾರಸ್ಯಕರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಜನ್ಮತಃ ಪಾಲು ದೊರೆಯಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆದುಹಾಕಿತು. ಅಲ್ಲಿಗೆ ಈ ಗಾದೆಯ ಕಾನೂನಿನ ಆಧಾರ ಮುಗಿಯಿತು. ತೆಂಗು, ಅಡಿಕೆಯ ತೋಟಗಳಿರುವ ಗುಬ್ಬಿ ಸೀಮೆಯಲ್ಲಿ ಈ ಕಾಯ್ದೆಗಳ ಅರ್ಥವೇನೆಂಬುದು ತೋಟವುಳ್ಳ ಪ್ರತಿಯೊಬ್ಬ ತಂದೆಗೂ ಗೊತ್ತು. ಕಾನೂನು ಬದಲಾದಷ್ಟೂ ಗಾದೆಗೆ ಕೆಲಸ ಹೆಚ್ಚಾಗಿದೆ ಎನ್ನಬಹುದು. ಹಕ್ಕುಬಿಡುಗಡೆ ಪತ್ರಕ್ಕೆ ಮಗಳಿಂದ ಸಹಿ ಹಾಕಿಸಿಕೊಳ್ಳುವ ದಿನ ಕಾಯ್ದೆಯ ಎದುರು ನಿಲ್ಲುವುದು ಈ ಗಾದೆಯೂ ‘ತವರು ಬೇಕು’ ಎಂಬ ಭಾವವೂ ಮಾತ್ರ. ಮಗಳ ಓದಿಗೆ ಖರ್ಚು ಮಾಡುವಾಗ ‘ಹೇಗಿದ್ದರೂ ಬೇರೆ ಮನೆಗೆ ಹೋಗುವವಳು’ ಎಂಬ ಲೆಕ್ಕಾಚಾರ ಹುಟ್ಟುವುದೂ ಇದೇ ಮಣ್ಣಿನಲ್ಲಿ.

ಗಾದೆಯ ಆಧುನಿಕ ರೂಪವೆಂದರೆ ಶಾಲೆಯ ಗೋಡೆಬರಹ. ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂಬ ಘೋಷಣೆ ನಾಡಿನ ಸಾವಿರಾರು ಗೋಡೆಗಳಲ್ಲಿದೆ. ಅದರ ಸದಾಶಯವನ್ನು ಅಲ್ಲಗಳೆಯುವಂತಿಲ್ಲ. ಆದರೂ ಅದರ ತರ್ಕವನ್ನು ಬಿಡಿಸಿ ನೋಡಿದರೆ ಹೆಣ್ಣು ಕಲಿಯುವುದು ತನಗಾಗಿ ಅಲ್ಲ, ಮನೆಮಂದಿಗೆ ಕಲಿಸುವುದಕ್ಕಾಗಿ ಎಂಬ ಅರ್ಥವೇ ಹೊರಡುತ್ತದೆ. ಗಂಡು ಕಲಿತರೆ ಏನಾಗುತ್ತದೆಂದು ಹೇಳುವ ಗೋಡೆಬರಹ ಇಲ್ಲ. ಅವನ ಕಲಿಕೆಗೆ ಸಮರ್ಥನೆಯೇ ಬೇಕಾಗಿಲ್ಲ.

ಶಾಲಾ ಜಾನಪದದ ಕೇಂದ್ರದಲ್ಲಿರುವುದು ಕಥನಗೀತೆ. ‘ಕೆರೆಗೆ ಹಾರ’ ಉತ್ತರ ಕರ್ನಾಟಕದ ಹಾಡಾದರೂ ಪಠ್ಯಗಳ ಮೂಲಕ, ವಾರ್ಷಿಕೋತ್ಸವದ ರೂಪಕಗಳ ಮೂಲಕ ಇಡೀ ನಾಡಿನ ಮಕ್ಕಳಿಗೆ ಪರಿಚಿತವಾಗಿದೆ. ಕೆರೆಗಳೇ ಜೀವನಾಧಾರವಾದ ಕುಣಿಗಲ್‌ ಸೀಮೆಯಲ್ಲಿ ಅದು ಹೊರಗಿನ ಹಾಡೆಂದು ಯಾರಿಗೂ ಅನ್ನಿಸುವುದಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂದು ಶಾಸ್ತ್ರ ಹೇಳಿತು. ಕಿರಿಯ ಸೊಸೆ ಭಾಗೀರಥಿ ಆಹುತಿಯಾದಳು. ಈ ಸಾರಾಂಶಕ್ಕೆ ‘ತ್ಯಾಗ’ ಎಂಬ ಶೀರ್ಷಿಕೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಊರಿನ ಹಿತಕ್ಕಾಗಿ ಪ್ರಾಣ ಕೊಟ್ಟ ಸಾಧ್ವಿ ಎಂಬ ಉತ್ತರವನ್ನು ಮಕ್ಕಳು ಬರೆಯುತ್ತಾರೆ, ತಂದೆತಾಯಂದಿರು ಒಪ್ಪುತ್ತಾರೆ, ವೇದಿಕೆಯ ಮೇಲೆ ಭಾಗೀರಥಿಯ ಪಾತ್ರ ಮಾಡಿದ ಹುಡುಗಿಗೆ ಚಪ್ಪಾಳೆ ಬೀಳುತ್ತದೆ.

ಹಾಡು ಹೇಳುವುದು ಇದನ್ನಲ್ಲ. ಭಾಗೀರಥಿ ತಾನಾಗಿ ಮುಂದೆ ಬಂದವಳಲ್ಲ. ಅವಳಿಗೆ ಕೇಳಿಯೂ ಇಲ್ಲ. ಸುದ್ದಿ ತಿಳಿದು ತವರಿಗೆ ಹೋಗುತ್ತಾಳೆ. ಕಣ್ಣೀರಿನ ಕಾರಣ ಕೇಳಿದ ತಂದೆಗೆ ಅವಳು ನಿಜ ಹೇಳುವುದಿಲ್ಲ. ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಸಂಸಾರದ ಸಣ್ಣ ತಾಪತ್ರಯವೊಂದನ್ನು ಮುಂದಿಡುತ್ತಾಳೆ. ತವರಿನವರ ಸಮಾಧಾನವೂ ಆಸ್ತಿ, ಒಡವೆಗಳ ಭಾಷೆಯಲ್ಲೇ ಬರುತ್ತದೆ. ನಿಜ ಹೊರಬೀಳುವುದು ಗೆಳತಿಯ ಎದುರಿನಲ್ಲಿ ಮಾತ್ರ. ಆ ಗೆಳತಿಯಾದರೂ ಬಿಡುಗಡೆಯ ದಾರಿ ತೋರಿಸಲಾರಳು. ಇಟ್ಟಂತೆ ಇರಬೇಕೆಂಬ ಬುದ್ಧಿಮಾತೇ ಅವಳ ಬಾಯಲ್ಲಿಯೂ ಬರುತ್ತದೆ. ಮರಳಿ ಬಂದ ಭಾಗೀರಥಿಯನ್ನು ಗಂಗೆಪೂಜೆಯ ನೆಪದಲ್ಲಿ ಕೆರೆಯಂಗಳಕ್ಕೆ ಕರೆದೊಯ್ಯುತ್ತಾರೆ. ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಅವಳೊಬ್ಬಳನ್ನೇ ಹಿಂದಕ್ಕೆ ಕಳುಹಿಸುತ್ತಾರೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಅವಳನ್ನು ಮುಳುಗಿಸುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿಬಂದಾಗ ಮನೆಯವರು ಅವಳು ತವರಿಗೆ ಹೋಗಿದ್ದಾಳೆಂದು ಸುಳ್ಳು ಹೇಳುತ್ತಾರೆ. ಅವನಿಗೂ ನಿಜ ತಿಳಿಯುವುದು ಆ ಗೆಳತಿಯಿಂದಲೇ. ಅವನು ಅದೇ ಕೆರೆಗೆ ಹಾರುತ್ತಾನೆ.

ಹೀಗೆ ಬಿಡಿಸಿ ನೋಡಿದಾಗ ಹಾಡಿನ ಬಂಧವೇ ಬೇರೆಯಾಗಿ ಕಾಣುತ್ತದೆ. ಹಿರಿಯರ ಮನೆಯಲ್ಲಿ ಸುಳ್ಳಿದೆ, ತವರಿನಲ್ಲಿ ಅಜ್ಞಾನವಿದೆ, ನಿಜ ಇರುವುದು ಇಬ್ಬರು ಹೆಣ್ಣುಮಕ್ಕಳ ನಡುವಿನ ಪಿಸುಮಾತಿನಲ್ಲಿ. ಹಾಡುವ ಹೆಂಗಸರು ಕೆರೆ ತುಂಬಿದ್ದಕ್ಕೆ ಮಲ್ಲನಗೌಡನನ್ನು ಹೊಗಳಿ ಮುಗಿಸುವುದಿಲ್ಲ. ಅವನ ಮಗನನ್ನೂ ಕಳೆದು ಮುಗಿಸುತ್ತಾರೆ. ಹೆಣ್ಣನ್ನು ಬಲಿ ಕೊಟ್ಟ ಮನೆ ಗಂಡನ್ನೂ ಉಳಿಸಿಕೊಳ್ಳಲಾರದು ಎಂಬ ಆರೋಪ ಈ ಮುಕ್ತಾಯದಲ್ಲಿದೆ. ‘ತ್ಯಾಗ’ದ ವ್ಯಾಖ್ಯಾನ ಮಾದೇವರಾಯನ ಸಾವನ್ನು ಪತ್ನೀಪ್ರೇಮದ ಅನುಬಂಧವೆಂದು ಬದಿಗಿಡುತ್ತದೆ. ಹಾಗೆ ಬದಿಗಿಟ್ಟಾಗಲೇ ಹಾಡು ಆರೋಪಪತ್ರದಿಂದ ನೀತಿಪಾಠವಾಗಿ ಬದಲಾಗುವುದು. ಇದೇ ಹಾಡನ್ನು ಅಜ್ಜಿಯಿಂದ ಕೇಳಿದ ಮಗು ನೀರು ಏರುವಾಗ ಅಳುತ್ತದೆ, ಅತ್ತೆಮಾವಂದಿರ ಮೇಲೆ ಸಿಟ್ಟಾಗುತ್ತದೆ. ತರಗತಿಯಲ್ಲಿ ಓದಿದ ಮಗು ಭಾಗೀರಥಿಯ ಗುಣಗಳನ್ನು ಪಟ್ಟಿ ಮಾಡುತ್ತದೆ.

ಈ ಪರಿವರ್ತನೆಯ ಹೊಣೆಯನ್ನು ಶಾಲೆಯ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಮೈಲಿಗಲ್ಲಾದ, ಹಲಸಂಗಿ ಗೆಳೆಯರ 1931ರ ಸಂಕಲನಕ್ಕೆ ‘ಗರತಿಯ ಹಾಡು’ ಎಂದು ಹೆಸರಾಯಿತು. ಆ ಸಂಗ್ರಹದ ಹಿರಿಮೆ ಪ್ರಶ್ನಾತೀತ. ಆದರೆ ‘ಗರತಿ’ ಎಂಬ ಪದ ವರ್ಣನೆಯಲ್ಲ, ಮೌಲ್ಯನಿರ್ಣಯ. ಬೀಸುವ ಕಲ್ಲಿನ ಮುಂದೆ ಹಾಡಿದವರು ಅತ್ತವರು, ಬೈದವರು, ಶಪಿಸಿದವರು, ಅಣಕಿಸಿದವರು, ಆಸೆಪಟ್ಟವರು. ಅವರೆಲ್ಲರನ್ನೂ ಒಂದು ಪದ ಸಾಧ್ವಿಯ ಸಾಲಿನಲ್ಲಿ ನಿಲ್ಲಿಸಿತು. ರಾಷ್ಟ್ರೀಯ ಚಳವಳಿಯ ಆ ಕಾಲದಲ್ಲಿ ಹಳ್ಳಿಯ ಹೆಣ್ಣನ್ನು ನಾಡಿನ ಸಂಸ್ಕೃತಿಯ ಪ್ರತಿಮೆಯಾಗಿ ಕಂಡ ವಿದ್ವಾಂಸರಿಗೆ ಬೇರೆ ಹೆಸರು ಹೊಳೆಯುವುದು ಕಷ್ಟವಿತ್ತು. ಮುಂದಿನ ಮೂರು ನಾಲ್ಕು ತಲೆಮಾರಿನ ಸಂಗ್ರಾಹಕರೂ ಆ ಜಾಡಿನಿಂದ ಹೊರಬರಲು ಹೆಚ್ಚು ಪ್ರಯತ್ನಿಸಲಿಲ್ಲ ಎಂಬುದು ಮಾತ್ರ ವಿಮರ್ಶೆಗೆ ಅರ್ಹ. ಹೆಂಗಸರ ಕಥೆಗಳು ಪ್ರಬಲ ಮೌಲ್ಯವ್ಯವಸ್ಥೆಗೆ ಎದುರಾದ ಇನ್ನೊಂದು ವ್ಯವಸ್ಥೆಯನ್ನೇ ಕಟ್ಟುತ್ತವೆ ಎಂದು ಎ.ಕೆ. ರಾಮಾನುಜನ್‌ ತಮ್ಮ ಪ್ರಬಂಧಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಅವರು ಚರ್ಚಿಸಿದ, ಹೂಬಿಡುವ ಮರವಾಗಬಲ್ಲ ಹುಡುಗಿಯ ಕಥೆ ಗಿರೀಶ ಕಾರ್ನಾಡರ ‘ಚೆಲುವಿ’ (1992) ಚಿತ್ರಕ್ಕೆ ಆಧಾರವಾಯಿತು. ಮರವಾದ ಹುಡುಗಿಯ ಕೊಂಬೆಗಳನ್ನು ಗಂಡನ ಮನೆಯ ಹುಡುಗಿಯರು ಮುರಿದುಹಾಕಿದಾಗ ಅವಳು ಕೈಕಾಲಿಲ್ಲದ ದೇಹವಾಗಿ ಉಳಿಯುವ ಆ ಕಥೆಯನ್ನು ಪರಿಸರ ಸಂರಕ್ಷಣೆಯ ಪಾಠವಾಗಿ ಹೇಳಿಕೊಡುವುದು ಸುಲಭ. ಹೆಣ್ಣಿನ ದೇಹವನ್ನು ಮುಟ್ಟುವವರ ಎಚ್ಚರಿಕೆಯ ಕುರಿತ ಕಥೆಯಾಗಿ ಹೇಳಲು ಧೈರ್ಯ ಬೇಕು.

2000ರ ದಶಕದ ಆರಂಭದಿಂದ ಶಾಲೆಗಳಲ್ಲಿ ನಡೆಯುತ್ತ ಬಂದಿರುವ ಪ್ರತಿಭಾ ಕಾರಂಜಿ ಸ್ಪರ್ಧೆಗಳು ಜಾನಪದಕ್ಕೆ ಹೊಸ ವೇದಿಕೆ ಒದಗಿಸಿದವು. ಸರ್ಕಾರಿ ಶಾಲೆಯ ಬಡಮಕ್ಕಳಿಗೆ ಅದರಿಂದ ಆದ ಪ್ರಯೋಜನ ಸಣ್ಣದಲ್ಲ. ಅಲ್ಲಿ ಹಾಡಲ್ಪಡುವ ಸೋಬಾನೆಯ ಸ್ವರೂಪವನ್ನು ಮಾತ್ರ ಗಮನಿಸಬೇಕು. ಈ ಸೀಮೆಯ ಮದುವೆಮನೆಗಳಲ್ಲಿ ಸೋಬಾನೆಗೆ ಎರಡು ಮುಖ. ಹಸೆಗೆ ಕರೆಯುವ, ಆರತಿ ಬೆಳಗುವ ಮಂಗಳದ ಮುಖ ಒಂದು. ಬೀಗರನ್ನು, ಬೀಗಿತ್ತಿಯನ್ನು, ಮದುವಣಿಗನನ್ನೇ ಹೀಯಾಳಿಸಿ ನಗಿಸುವ ಬೀಗರ ಪದಗಳ ಮುಖ ಇನ್ನೊಂದು. ಹೆಣ್ಣು ಕೊಡುವ ಕಡೆಯವರು ತಲೆಬಾಗಿ ನಿಲ್ಲಬೇಕಾದ ದಿನವೇ ಆ ಮನೆಯ ಹೆಂಗಸರಿಗೆ ಗಂಡಿನ ಕಡೆಯವರನ್ನು ಬಹಿರಂಗವಾಗಿ ಬೈಯುವ ಅಧಿಕಾರವನ್ನು ಸಂಪ್ರದಾಯವೇ ಕೊಟ್ಟಿತ್ತು. ಸ್ಪರ್ಧೆಯ ಕೆಲವೇ ನಿಮಿಷಗಳಲ್ಲಿ ಉಳಿಯುವುದು ಮಂಗಳದ ಮುಖ ಮಾತ್ರ. ಜರಿಸೀರೆಯುಟ್ಟು, ಸೊಂಟಕ್ಕೆ ಡಾಬು ಬಿಗಿದು, ತಲೆ ತಗ್ಗಿಸಿ ನಿಂತ ಹತ್ತು ವರ್ಷದ ಹುಡುಗಿಯರು ಸಂಪ್ರದಾಯದ ಹೆಸರಿನಲ್ಲಿ ಕಲಿಯುವುದು ಹಾಡನ್ನಷ್ಟೇ ಅಲ್ಲ, ನಿಲ್ಲುವ ಭಂಗಿಯನ್ನೂ. ಮದುವೆಯ ಛತ್ರಗಳಲ್ಲಿ ಧ್ವನಿವರ್ಧಕ ಬಂದ ಮೇಲೆ ಬೀಗರ ಪದ ಹಾಡುವವರೂ ಕಡಿಮೆಯಾಗಿರುವುದರಿಂದ, ಈ ಮಕ್ಕಳಿಗೆ ಆ ಇನ್ನೊಂದು ಮುಖವನ್ನು ಕೇಳುವ ಸಂದರ್ಭವೇ ಒದಗದೆ ಹೋಗಬಹುದು. ಕುಣಿಗಲ್‌ ಕೆರೆಯ ಹಾಡಿನ ಗತಿಯೂ ಹೆಚ್ಚುಕಡಿಮೆ ಇದೇ. ನೋಡುವವರ ಬೆರಗು, ಚಂದಿರನ ಉದಯ, ಬಾವ ತಂದ ಬಣ್ಣದ ಸೀರೆ ಎಲ್ಲವನ್ನೂ ಒಟ್ಟಿಗೆ ಹೊತ್ತ ಆ ಹಾಡು ಊರವರೆಲ್ಲರ ಉಲ್ಲಾಸದ ಹಾಡು. ಶಾಲೆಯ ವೇದಿಕೆಯಲ್ಲಿ ಅದು ಸಾಮಾನ್ಯವಾಗಿ ಕೊಡ ಹೊತ್ತ ಹುಡುಗಿಯರ ನೃತ್ಯ. ಹುಡುಗರಿಗೆ ಡೊಳ್ಳು, ವೀರಗಾಸೆ, ಕಂಸಾಳೆ.

ಆಟದ ಅಂಗಳದಲ್ಲಿ ವಿಂಗಡಣೆ ಇನ್ನೂ ಹಳೆಯದು. ಕುಂಟೆಬಿಲ್ಲೆ, ಅಳಗುಳಿಮಣೆ, ಕಲ್ಲಾಟ ಹುಡುಗಿಯರದು. ಚಿನ್ನಿದಾಂಡು, ಗೋಲಿ, ಬುಗುರಿ ಹುಡುಗರದು. ಮೊದಲ ಗುಂಪಿನ ಆಟಗಳಿಗೆ ಜಗಲಿಯಷ್ಟು ಜಾಗ ಸಾಕು, ಎರಡನೆಯದಕ್ಕೆ ಬೀದಿ ಬೇಕು. ಲಗೋರಿ, ಕಣ್ಣಾಮುಚ್ಚಾಲೆಗಳು ಎಳೆಯ ವಯಸ್ಸಿನಲ್ಲಿ ಇಬ್ಬರಿಗೂ ಸೇರಿದ್ದು, ಹುಡುಗಿ ಮೈನೆರೆಯುವ ವಯಸ್ಸಿಗೆ ಬಂದೊಡನೆ ಅವಳ ಪಾಲಿಗೆ ಕೊನೆಗೊಳ್ಳುತ್ತಿದ್ದವು. ಶಾಲೆ ಇಲ್ಲಿ ನಿಜವಾಗಿ ಒಂದು ಬದಲಾವಣೆ ತಂದಿದೆ ಎಂದು ಒಪ್ಪಬೇಕು. ಖೋಖೋ, ಕಬಡ್ಡಿಗಳ ಮೂಲಕ ಹುಡುಗಿಯರು ಮತ್ತೆ ಬಯಲಿಗೆ ಬಂದರು. ಎಂಟನೆಯ ತರಗತಿಯ ಮಕ್ಕಳಿಗೆ 2006-07ರಲ್ಲಿ ಆರಂಭವಾದ ಸೈಕಲ್‌ ವಿತರಣೆಯಿಂದ ಹಳ್ಳಿಯ ಹುಡುಗಿಯರು ರಸ್ತೆಗೆ ಬಂದರು. ತಾಯಿ ಎಂದೂ ಏರದ ವಾಹನವನ್ನು ಮಗಳು ಏರಿ ಪಕ್ಕದೂರಿನ ಪ್ರೌಢಶಾಲೆಗೆ ಹೋದದ್ದು ಈ ಸೀಮೆಯ ಇತ್ತೀಚಿನ ಇತಿಹಾಸದಲ್ಲಿ ಯಾವ ಗೋಡೆಬರಹಕ್ಕಿಂತಲೂ ದೊಡ್ಡ ಸಂಗತಿ.

ಗೆರೆ ದಾಟಿದವರನ್ನು ಕರೆಯಲು ಭಾಷೆ ಪದಗಳನ್ನು ಸಿದ್ಧವಾಗಿಟ್ಟಿರುತ್ತದೆ. ಮರ ಹತ್ತುವ, ಎದುರುತ್ತರ ಕೊಡುವ ಹುಡುಗಿ ‘ಗಂಡುಬೀರಿ’. ರಂಗೋಲಿಯಲ್ಲಿ ಆಸಕ್ತಿಯುಳ್ಳ, ಮೆಲುದನಿಯ ಹುಡುಗ ‘ಹೆಣ್ಣಿಗ’. ಈ ಎರಡು ಬೈಗುಳಗಳ ತೂಕ ಒಂದೇ ಅಲ್ಲ. ಗಂಡುಬೀರಿ ಎಂಬಲ್ಲಿ ಸಿಟ್ಟಿನ ಜೊತೆಗೆ ಒಂದಿಷ್ಟು ಅಂಜಿಕೆ, ಒಳಗೊಳಗೇ ಮೆಚ್ಚುಗೆಯೂ ಇರುತ್ತದೆ. ‘ನಮ್ಮ ಮಗಳು ಗಂಡುಮಗ ಇದ್ದಂಗೆ’ ಎಂದು ಹೆಮ್ಮೆಪಡುವ ತಂದೆತಾಯಂದಿರು ಈ ಭಾಗದಲ್ಲಿ ಎಲ್ಲೆಡೆ ಸಿಗುತ್ತಾರೆ. ‘ನಮ್ಮ ಮಗ ಹೆಣ್ಣುಮಗಳು ಇದ್ದಂಗೆ’ ಎಂದು ಹೆಮ್ಮೆಪಟ್ಟು ಹೇಳುವವರು ಸಿಗುವುದು ದುರ್ಲಭ. ಮಗಳನ್ನು ಹೊಗಳುವುದಕ್ಕೂ ಗಂಡೆಂಬ ಅಳತೆಗೋಲೇ ಬೇಕಾಗಿದೆ ಎಂಬಲ್ಲಿ ಪಡಿಯಚ್ಚಿನ ಆಳ ಗೊತ್ತಾಗುತ್ತದೆ.

ವಿಚಿತ್ರವೆಂದರೆ, ಹುಡುಗನು ಹೆಣ್ಣಾಗುವುದನ್ನು ಕಲೆಯಾಗಿ ಗೌರವಿಸಿದ ಸೀಮೆಯಿದು. ಮೂಡಲಪಾಯ ಯಕ್ಷಗಾನದಲ್ಲಿ ಸ್ತ್ರೀವೇಷ ಗಂಡಸರದೇ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದ ಆರಂಭಕಾಲವೂ ಬಾಲನಟರು, ಸ್ತ್ರೀಪಾತ್ರಧಾರಿ ಪುರುಷರ ಕಾಲವೇ. ಬಾಲನಟನಾಗಿಯೇ ಕಂಪನಿ ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆತನ ವಹಿಸಿ, ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದರು. ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ಆ ಕಂಪನಿಯ ಕೀರ್ತಿಯಲ್ಲಿ ಸಮಪಾಲು ಉಳ್ಳವರು. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದ್ದು, ಜಿಲ್ಲೆಯ ಹಳ್ಳಿಗಳ ಗಂಡಸರು ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ತಿಂಗಳುಗಟ್ಟಲೆ ಕಲಿತ ‘ಕುರುಕ್ಷೇತ್ರ’ವನ್ನು ಇಂದಿಗೂ ಆಡುತ್ತಾರೆ. ದುರ್ಯೋಧನ, ಭೀಮ, ಕೃಷ್ಣರೆಲ್ಲ ಊರಿನವರು; ದ್ರೌಪದಿ, ರುಕ್ಮಿಣಿಯರು ಸಂಭಾವನೆಗೆ ಹೊರಗಿನಿಂದ ಬಂದ ವೃತ್ತಿನಟಿಯರು. ಗೌರವಸ್ಥ ಮನೆಯ ಹೆಂಗಸು ಊರಿನ ರಂಗವೇರಬಾರದು, ಊರಿನ ಗಂಡಸು ಇನ್ನು ಸೀರೆ ಉಡಬಾರದು ಎಂಬ ಎರಡು ನಿಷೇಧಗಳ ನಡುವಿನ ತೆರವನ್ನು ಈ ನಟಿಯರು ತುಂಬುತ್ತಾರೆ. ರಾತ್ರಿಯೆಲ್ಲ ಕುಳಿತು ನೋಡುವ ಮಕ್ಕಳು ಹೆಣ್ಣುಪಾತ್ರಕ್ಕೆ ಬೀಳುವ ಚಪ್ಪಾಳೆಯನ್ನೂ ಪಾತ್ರಧಾರಿಣಿಯ ಬಗ್ಗೆ ಮರುದಿನ ಕೇಳಿಬರುವ ಮಾತುಗಳನ್ನೂ ಒಟ್ಟಿಗೆ ಕಲಿಯುತ್ತಾರೆ. ಶಾಲೆಯ ಛದ್ಮವೇಷದಲ್ಲಿ ಸೀರೆಯುಟ್ಟ ಹುಡುಗನಿಗೆ ದೊರೆಯುವುದು ನಗೆ. ಅವನ ಮುತ್ತಾತನ ಕಾಲದಲ್ಲಿ ಅದೇ ವೇಷಕ್ಕೆ ಪದಕ ದೊರೆಯುತ್ತಿತ್ತು. ಹಿಂದಿನಿಂದ ಬಂದದ್ದು ಎಂಬ ವಾದ ಇಲ್ಲಿ ಕಾಲು ಮುರಿದುಕೊಳ್ಳುತ್ತದೆ.

ಜನಪದದಲ್ಲಿ ಕಳೆದುಹೋದದ್ದೆಲ್ಲ ಉದಾತ್ತವೇ ಆಗಿತ್ತೆಂಬ ಭ್ರಮೆಗೂ ಅವಕಾಶವಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಶಾಲೆಗೆ ಹೋಗುವ ಹುಡುಗಿಯ ಬದುಕನ್ನು ತಿಂಗಳು ತಿಂಗಳೂ ತುಂಡರಿಸುವಂಥದು. ಇಂಥ ಪ್ರತ್ಯೇಕವಾಸವನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆ ಅಪರಾಧವೆಂದು ಸಾರಿದೆ. ಹಾಗಿದ್ದೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ತಾಯಿಯೊಡನೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸೊಂದು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಜುಂಜಪ್ಪನ ಕಾವ್ಯವನ್ನು ಸಂಪುಟಗಟ್ಟಲೆ ದಾಖಲಿಸಿ ಸಂಭ್ರಮಿಸುವ ಶಾಸ್ತ್ರ, ಆ ದೈವದ ಮೈಲಿಗೆಯ ಹೆಸರಿನಲ್ಲಿ ಕೂಸು ಸಾಯುವಾಗ ‘ಆಚರಣೆ’ ಎಂಬ ಅಧ್ಯಾಯದಲ್ಲಿ ಎರಡು ಪುಟ ಬರೆದು ಮುಂದೆ ಹೋಗುವಂತಿಲ್ಲ. ಹಟ್ಟಿಯವರನ್ನು ಮಾತ್ರ ಹಿಂದುಳಿದವರೆಂದು ದೂರುವುದು ಸಹ ಅಪ್ರಾಮಾಣಿಕತೆ. ಪಟ್ಟಣದ ತಾರಸಿ ಮನೆಗಳಲ್ಲಿ ಅದೇ ಮೂರು ದಿನ ಹುಡುಗಿಯ ಚಾಪೆ, ತಟ್ಟೆ, ಲೋಟಗಳು ಮೂಲೆ ಸೇರುತ್ತವೆ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವ ಒಸಗೆಯ ಶಾಸ್ತ್ರ ಈಗ ಛತ್ರ, ಫ್ಲೆಕ್ಸು, ಛಾಯಾಚಿತ್ರಗಳೊಡನೆ ಹಿಂದಿಗಿಂತ ವಿಜೃಂಭಿಸುತ್ತಿದ್ದು, ಸಹಪಾಠಿಗಳೆಲ್ಲ ಅದಕ್ಕೆ ಆಹ್ವಾನಿತರು. ಹಳೆಯ ಕಾಲದಲ್ಲಿ ಹೆಂಗಸರ ವಲಯದೊಳಗೆ ನಡೆದುಹೋಗುತ್ತಿದ್ದ ಸಂಗತಿ ಇಡೀ ಊರಿನ ಪ್ರಕಟಣೆಯಾಗಿ, ಏಳನೆಯ ತರಗತಿಯ ಹುಡುಗಿ ಸೋಮವಾರ ಶಾಲೆಗೆ ಮರಳುವಾಗ ಅವಳನ್ನು ನೋಡುವ ಕಣ್ಣುಗಳೇ ಬದಲಾಗಿರುತ್ತವೆ.

ತಂದೆತಾಯಂದಿರನ್ನು ಪಡಿಯಚ್ಚುಗಳ ಮೂಲವೆಂದೂ ಮಕ್ಕಳನ್ನು ಖಾಲಿ ಪಾತ್ರೆಗಳೆಂದೂ ನೋಡುವ ಕ್ರಮ ಈ ಹಿನ್ನೆಲೆಯಲ್ಲಿ ಸಾಲದು. ಮುಖ್ಯವಾಗಿ ತಾಯಿ ಎರಡು ನಾಲಗೆಗಳಲ್ಲಿ ಮಾತನಾಡುತ್ತಾಳೆ. ಮಗಳ ನಗುವನ್ನು ಗದರಿಸುವ ತಾಯಿಯೇ ಅಡಿಕೆ ಸುಲಿಯುತ್ತ ಕುಳಿತಾಗ ತನ್ನ ಅತ್ತೆಮನೆಯ ಮೊದಲ ವರ್ಷಗಳ ಕಥೆಯನ್ನು ಅವಳಿಗೆ ಹೇಳುತ್ತಾಳೆ. ‘ನೀನು ನನ್ನಂಗಾಗಬೇಡ, ಓದು’ ಎಂದು ಸೇರಿಸುತ್ತಾಳೆ. ಮೊದಲನೆಯದು ಸಂಪ್ರದಾಯವೆಂದೂ ಎರಡನೆಯದು ಆಧುನಿಕತೆಯೆಂದೂ ವಿಂಗಡಿಸುವುದು ಅಧ್ಯಯನಗಳ ರೂಢಿ. ‘ನೀನು ನನ್ನಂಗಾಗಬೇಡ’ ಎಂಬುದೂ ಅಷ್ಟೇ ಹಳೆಯ ಮಾತು. ಬೀಸುವ ಪದಗಳಲ್ಲಿ, ತವರಿನ ಹಾಡುಗಳಲ್ಲಿ, ಭಾಗೀರಥಿಯ ಪಿಸುಮಾತಿನಲ್ಲಿ ಹರಿದು ಬಂದ ಮಾತದು. ‘ತಾಯಿಯಂತೆ ಮಗಳು’ ಎಂಬ ಗಾದೆಗೆ ಈ ಸೀಮೆಯ ತಾಯಂದಿರೇ ಒಡ್ಡುತ್ತ ಬಂದಿರುವ ಎದುರುಗಾದೆಯದು. ಪ್ರಶ್ನೆಪತ್ರಿಕೆಯ ಗಾದೆಗಳ ಪಟ್ಟಿಯಲ್ಲಿ ಅದು ಇನ್ನೂ ಸೇರಿಲ್ಲ. ಸಂಗ್ರಹಕಾರರ ಟಿಪ್ಪಣಿ ಪುಸ್ತಕಗಳಲ್ಲಿಯೂ ಅದು ಹಾಡಿನ ನಡುವೆ ಗಾಯಕಿ ಆಡಿದ ಅಪ್ರಸ್ತುತ ಮಾತೆಂದು ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು.